ಮೂರು ಸಾಲಿನ ಪದ್ಯವನ್ನು ಬಿಡಿಸಿ ನೋಡುವುದು ಹೇಗೆ? ಬಾದಾಮಿಯ ತ್ರಿಪದಿಯಿಂದ ಶುರು ಮಾಡೋಣ

ಪದ್ಯಕ್ಕೆ ಪ್ರಸ್ತಾರ ಹಾಕುವುದನ್ನು ಶಾಲೆಯಲ್ಲಿ ಎಲ್ಲರೂ ಕಲಿತಿರುತ್ತೇವೆ. ಗುರು-ಲಘು ಗುರುತು ಹಾಕು, ಗಣ ವಿಂಗಡಿಸು, ಛಂದಸ್ಸಿನ ಹೆಸರು ಬರೆ. ಅಲ್ಲಿಗೆ ಅಂಕ ಸಿಗುತ್ತದೆ, ಪುಸ್ತಕ ಮುಚ್ಚುತ್ತೇವೆ. ನನ್ನ ಪ್ರಕಾರ ಓದು ಶುರುವಾಗಬೇಕಾದದ್ದೇ ಅಲ್ಲಿಂದ. ಲಯ ಎಲ್ಲಿ ಬದಲಾಯಿತು, ಪ್ರಾಸ ಯಾವ ಯಾವ ಪದಗಳನ್ನು ಹತ್ತಿರ ತಂದಿತು, ಯಾವ ಮಾತು ಎರಡನೇ ಸಲ ಬಂತು ಅಂತ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಒಳ್ಳೆಯ ಪದ್ಯದಲ್ಲಿ ಮೂರೂ ಒಂದೇ ಜಾಗಕ್ಕೆ ಕೈ ತೋರಿಸುತ್ತವೆ. ಆ ಜಾಗ ಸಿಕ್ಕರೆ ಪದ್ಯ ಸಿಕ್ಕ ಹಾಗೆ.

ಇದನ್ನು ಕಲಿಯಲು ಉದ್ದದ ಪದ್ಯ ಬೇಡ. ಕನ್ನಡದ ಅತಿ ಹಳೆಯ ಪದ್ಯಗಳಲ್ಲಿ ಒಂದನ್ನೇ ತೆಗೆದುಕೊಳ್ಳೋಣ. ಬಾದಾಮಿಯಲ್ಲಿ, ಅಗಸ್ತ್ಯತೀರ್ಥದ ಹತ್ತಿರದ ಬಂಡೆಯ ಮೇಲೆ, ಕಪ್ಪೆ ಅರಭಟ್ಟ ಎಂಬವನನ್ನು ಹೊಗಳುವ ಶಾಸನ ಇದೆ. ಅದರಲ್ಲಿ ಕಾಲ ನಮೂದಿಸಿಲ್ಲ. ಲಿಪಿಯನ್ನು ನೋಡಿ ವಿದ್ವಾಂಸರು ಸುಮಾರು ಕ್ರಿ.ಶ. 700 ಎನ್ನುತ್ತಾರೆ. ಅದರಲ್ಲಿರುವ ಮೂರು ತ್ರಿಪದಿಗಳಲ್ಲಿ ಮೊದಲನೆಯದು ಇದು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವನಿಗೆ ಒಳ್ಳೆಯವನು, ಮಧುರವಾಗಿರುವವನಿಗೆ ಮಧುರ, ಪೀಡಿಸುವ ಕಲಿಗೆ ಮಾತ್ರ ಕಲಿಯುಗಕ್ಕೇ ವಿಪರೀತನಾದವನು, ಇವನು ಮಾಧವನೇ, ಬೇರೆಯವನಲ್ಲ. ಅರ್ಥ ಇಷ್ಟು. ಶಾಸನದಲ್ಲಿ 'ಪೆರ' ಎನ್ನುವಲ್ಲಿ ಹಳೆಯ ಱಕಾರ ಇದೆ, 'ಮಾಧುರ್ಯ' ಎನ್ನುವಲ್ಲಿ ಒತ್ತು ಜಾಸ್ತಿ ಇದೆ. ಓದಲು ಸುಲಭವಾಗಲಿ ಅಂತ ಇಲ್ಲಿ ಇವತ್ತಿನ ಬರವಣಿಗೆಗೆ ತಂದಿದ್ದೇನೆ. ಪ್ರಸ್ತಾರಕ್ಕೆ ಇದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ.

ಮೊದಲ ಕೆಲಸ: ಜೋರಾಗಿ ಓದಿ

ಪೆನ್ಸಿಲ್ ಆಮೇಲೆ. ಮೊದಲು ಪದ್ಯವನ್ನು ಬಾಯಿಬಿಟ್ಟು ನಾಲ್ಕೈದು ಸಲ ಓದಿ. ಮನಸ್ಸಿನಲ್ಲೇ ಓದಿದರೆ ಆಗುವುದಿಲ್ಲ. ತ್ರಿಪದಿ ಹಾಡಲು ಹುಟ್ಟಿದ ಮಟ್ಟು. ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡಿದ ಗರತಿಯ ಹಾಡುಗಳು ಇದೇ ಮಟ್ಟಿನವು. ಓದುವಾಗ ನಾಲಗೆ ಎಲ್ಲಿ ನಿಧಾನವಾಯಿತು, ಎಲ್ಲಿ ಓಡಿತು ಅಂತ ಗಮನ ಇಡಿ. 'ಮಾಧುರ್ಯಂಗೆ ಮಾಧುರ್ಯಂ' ಎನ್ನುವಾಗ ನಿಧಾನ, 'ಕಲಿಗೆ ಕಲಿಯುಗ' ಎನ್ನುವಾಗ ಓಟ, ಅಲ್ವಾ? ಅಲ್ಲೊಂದು ಚುಕ್ಕಿ ಇಟ್ಟುಕೊಳ್ಳಿ. ಕಾರಣ ಆಮೇಲೆ ಗೊತ್ತಾಗುತ್ತದೆ.

ಗುರು, ಲಘು

ನಿಯಮಗಳು ನಿಮಗೆ ಗೊತ್ತೇ ಇರುತ್ತವೆ, ಬೇಗ ನೆನಪಿಸಿಕೊಳ್ಳೋಣ. ದೀರ್ಘ ಅಕ್ಷರ ಗುರು. ಒತ್ತಕ್ಷರದ ಹಿಂದಿನ ಅಕ್ಷರ ಗುರು. ಅನುಸ್ವಾರ, ವಿಸರ್ಗ ಇದ್ದರೆ ಗುರು. ಕೊನೆಯಲ್ಲಿ ವ್ಯಂಜನ ನಿಂತಿದ್ದರೆ ('ತನ್' ಇದ್ದ ಹಾಗೆ) ಗುರು. ಉಳಿದದ್ದೆಲ್ಲ ಲಘು. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಅಂತ ಒಂದಿದೆ. ಅಲ್ಲಿ ಒತ್ತಕ್ಷರವನ್ನು ತೇಲಿಸಿ ಹೇಳುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ನಮ್ಮ ಪದ್ಯದಲ್ಲಿ ಆ ತೊಂದರೆ ಇಲ್ಲ.

ಜಾಸ್ತಿ ಜನ ಎಡವುವುದು ಒತ್ತಕ್ಷರದ ಹತ್ತಿರ. 'ಬಾಧಿಪ್ಪ' ನೋಡಿ. ಗುರುವಾಗುವುದು 'ಧಿ'. 'ಪ್ಪ' ನೋಡಲು ದೊಡ್ಡದಾಗಿದ್ದರೂ ಲಘುವೇ. ಹಾಗೆಯೇ 'ಧುರ್ಯಂ' ಎನ್ನುವಲ್ಲಿ 'ಧು' ಒತ್ತಿನಿಂದ ಗುರು, 'ರ್ಯಂ' ಅನುಸ್ವಾರದಿಂದ ಗುರು.

ಯಾವ ಅಳತೆಗೋಲು?

ಇದು ಈ ಇಡೀ ಕೆಲಸದ ಜೀವಾಳ. ಇಲ್ಲಿ ಅವಸರ ಬೇಡ.

ಕನ್ನಡ ಪದ್ಯಕ್ಕೆ ಮೂರು ಬಗೆಯ ಅಳತೆ ಇದೆ: ಅಕ್ಷರಗಣ, ಮಾತ್ರಾಗಣ, ಅಂಶಗಣ. ಯಮಾತಾರಾಜಭಾನಸಲಗಂ ಬಾಯಿಪಾಠ ಆಗಿರುವುದರಿಂದ ಯಾವ ಪದ್ಯ ಕಂಡರೂ ಮೂರು ಮೂರು ಅಕ್ಷರ ಕತ್ತರಿಸುವ ಅಭ್ಯಾಸ ಕೆಲವರಿಗೆ. ಅದು ಚಂಪೂ ಕಾವ್ಯದ ವೃತ್ತಗಳಿಗೆ ಸರಿ. ಕಂದ, ಷಟ್ಪದಿ, ರಗಳೆಗೆ ಮಾತ್ರೆ ಎಣಿಸಬೇಕು (ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು). ತ್ರಿಪದಿ, ಸಾಂಗತ್ಯ, ಅಕ್ಕರದಂಥ ಅಚ್ಚಗನ್ನಡ ಮಟ್ಟುಗಳು ಮೂಲದಲ್ಲಿ ಅಂಶಗಣದವು.

ನಮ್ಮ ಶಾಸನದಲ್ಲೇ ತಮಾಷೆಯಾದ ಸಂಗತಿ ಇದೆ. ತ್ರಿಪದಿಗಳ ಜೊತೆಗೆ ಅದೇ ಬಂಡೆಯ ಮೇಲೆ ಒಂದು ಸಂಸ್ಕೃತ ಶ್ಲೋಕವೂ ಇದೆ. ಮಾನ ಕಳೆದುಕೊಳ್ಳುವುದಕ್ಕಿಂತ ಸಾವು ಮೇಲು ಅಂತ ಹೇಳುವ ಶ್ಲೋಕ. ಅದನ್ನು ಅನುಷ್ಟುಪ್ಪಿನ ಲೆಕ್ಕದಲ್ಲಿ ಅಕ್ಷರ ಎಣಿಸಿ ನೋಡಬೇಕು. ಅಂದರೆ ಕಲ್ಲು ಒಂದೇ ಆದರೂ ಅಳತೆಗೋಲು ಎರಡು.

ಅಂಶಗಣದ ಲೆಕ್ಕ ಹೀಗೆ. ಗಣದ ಮೊದಲ ಅಂಶ ಒಂದು ಗುರು ಆಗಿರಬಹುದು, ಇಲ್ಲವೇ ಎರಡು ಲಘು ಸೇರಿ ಒಂದು ಅಂಶ ಆಗಬಹುದು. ಆಮೇಲಿನ ಅಂಶಗಳು ಒಂದೊಂದು ಅಕ್ಷರದವು. ಗುರು ಬಂದರೂ ಸರಿ, ಲಘು ಬಂದರೂ ಸರಿ. ಎರಡು ಅಂಶ ಇದ್ದರೆ ಬ್ರಹ್ಮಗಣ, ಮೂರಿದ್ದರೆ ವಿಷ್ಣುಗಣ, ನಾಲ್ಕಿದ್ದರೆ ರುದ್ರಗಣ. ಹಾಗಾಗಿ ಬ್ರಹ್ಮಗಣಕ್ಕೆ 4 ರೂಪ: ಗಗ, ಗಲ, ಲಲಗ, ಲಲಲ. ವಿಷ್ಣುಗಣಕ್ಕೆ 8 ರೂಪ: ಗಗಗ, ಗಗಲ, ಗಲಗ, ಗಲಲ, ಲಲಗಗ, ಲಲಗಲ, ಲಲಲಗ, ಲಲಲಲ. ಗಮನಿಸಿ, ಯಾವ ಗಣವೂ 'ಲಗ' ಅಂತ ಶುರುವಾಗುವುದಿಲ್ಲ.

ತ್ರಿಪದಿಯಲ್ಲಿ ಒಟ್ಟು 11 ಗಣ. ಮೊದಲ ಸಾಲಿನಲ್ಲಿ 4, ಎರಡನೆಯದರಲ್ಲಿ 4, ಮೂರನೆಯದರಲ್ಲಿ 3. ಇವುಗಳಲ್ಲಿ 6ನೆಯದು, 10ನೆಯದು ಬ್ರಹ್ಮಗಣ. ಉಳಿದ 9 ವಿಷ್ಣುಗಣ. 10ನೇ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ತನ್ನ ಛಂದೋಂಬುಧಿಯಲ್ಲಿ ಈ ಲಕ್ಷಣವನ್ನು ತ್ರಿಪದಿಯಲ್ಲೇ ಹೇಳಿದ್ದಾನೆ. ನಮ್ಮ ಪದ್ಯ ಅದಕ್ಕಿಂತ ಹೆಚ್ಚು ಕಡಿಮೆ ಮುನ್ನೂರು ವರ್ಷ ಹಳೆಯದು. ಈಗ ಹೊಂದಿಸಿ ನೋಡಿ:

ಸಾಧುಗೆ | ಸಾಧುಮಾ | ಧುರ್ಯಂಗೆ | ಮಾಧುರ್ಯಂ
ಗಲಲ | ಗಲಗ | ಗಗಲ | ಗಗಗ

ಬಾಧಿಪ್ಪ | ಕಲಿಗೆ | ಕಲಿಯುಗ | ವಿಪರೀತನ್
ಗಗಲ | ಲಲಲ | ಲಲಲಲ | ಲಲಗಗ

ಮಾಧವ | ನೀತನ್ | ಪೆರನಲ್ಲ
ಗಲಲ | ಗಗ | ಲಲಗಲ

6ನೇ ಗಣ 'ಕಲಿಗೆ', ಲಲಲ, ಬ್ರಹ್ಮ. 10ನೇ ಗಣ 'ನೀತನ್', ಗಗ, ಅದೂ ಬ್ರಹ್ಮ. ಎಲ್ಲೂ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಲಕ್ಷಣ ಬರೆದಿಡುವ ಮೊದಲೇ ಜನರ ಬಾಯಲ್ಲಿ ಮಟ್ಟು ಎಷ್ಟು ಗಟ್ಟಿಯಾಗಿ ಕೂತಿತ್ತು ನೋಡಿ.

ಇದನ್ನೇ ಮಾತ್ರೆಯಲ್ಲಿ ಎಣಿಸಿದರೆ ಏನಾಗುತ್ತದೆ? ಮೊದಲ ಸಾಲು 4, 5, 5, 6. ಎರಡನೆಯದು 5, 3, 4, 6. ಮೂರನೆಯದು 4, 4, 5. ಯಾವ ಕ್ರಮವೂ ಕಾಣುವುದಿಲ್ಲ. 'ಹಳೇ ಪದ್ಯ, ಲಯ ಸರಿಯಾಗಿಲ್ಲ' ಅಂತ ತೀರ್ಮಾನ ಮಾಡುವ ಅಪಾಯ ಇಲ್ಲೇ ಇರುವುದು.

ಆದರೆ ಎಲ್ಲ ತ್ರಿಪದಿಗೂ ಅಂಶಗಣವನ್ನೇ ಹಾಕಬೇಕು ಅಂತಲೂ ಇಲ್ಲ. ಸರ್ವಜ್ಞನ ಹೆಸರಿನಲ್ಲಿರುವ ಪ್ರಸಿದ್ಧ ವಚನದ ಮೊದಲ ಸಾಲು ತೆಗೆದುಕೊಳ್ಳಿ: 'ಸರ್ವಜ್ಞನೆಂಬುವನು ಗರ್ವದಿಂದಾದವನೆ'. ಸರ್ವಜ್ಞ | ನೆಂಬುವನು | ಗರ್ವದಿಂ | ದಾದವನೆ. ನಾಲ್ಕೂ ಗಣ ಐದೈದು ಮಾತ್ರೆ. ಅಂಶ ಎಣಿಸಿದರೆ 'ನೆಂಬುವನು' ನಾಲ್ಕು ಅಂಶ ಆಗಿಬಿಡುತ್ತದೆ, 'ದಾದವನೆ' ಕೂಡ ಹಾಗೆಯೇ. ಅಷ್ಟು ಹೊತ್ತಿಗೆ ಮಟ್ಟು ಮಾತ್ರೆಯ ಕಡೆಗೆ ವಾಲಿದೆ. ಇನ್ನು 'ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಾಲಿ' ಎನ್ನುವ ಜನಪದ ಸಾಲು ಎರಡೂ ಲೆಕ್ಕಕ್ಕೆ ಕೂರುತ್ತದೆ. ಅಂಶದಲ್ಲಿ ನಾಲ್ಕೂ ವಿಷ್ಣು, ಮಾತ್ರೆಯಲ್ಲಿ ನಾಲ್ಕೂ ಐದು. 'ನೆನೆಯಲಿ' ಎನ್ನುವುದನ್ನು 'ನೆನೆಯಾಲಿ' ಅಂತ ಎಳೆದಿರುವುದು ಆ ಐದನೇ ಮಾತ್ರೆಗೋಸ್ಕರ. ಹಾಗಾಗಿ ಎರಡೂ ಲೆಕ್ಕ ಹಾಕಿ ನೋಡಿ. ಯಾವುದರಲ್ಲಿ ಪದ್ಯ ತಾನಾಗಿ ಕೂರುತ್ತದೋ ಅದು ಅದರ ಅಳತೆ.

ಗಣದ ಒಳಗೆ ಇಣುಕಿ

ಹೆಸರು ಸಿಕ್ಕಿತು, ತ್ರಿಪದಿ. ಇಲ್ಲಿಗೆ ನಿಲ್ಲಿಸಬೇಡಿ. ಈಗ ಗಣಗಳ ರೂಪವನ್ನು ಸಾಲಾಗಿ ನೋಡಿ.

ಮೊದಲ ಸಾಲು: ಗಲಲ, ಗಲಗ, ಗಗಲ, ಗಗಗ. ಗುರುವಿನಿಂದ ಶುರುವಾಗುವ ವಿಷ್ಣುಗಣದ ರೂಪಗಳು ಇರುವುದೇ ನಾಲ್ಕು. ನಾಲ್ಕೂ ಒಂದೇ ಸಾಲಿನಲ್ಲಿ ಬಂದಿವೆ, ಒಂದೊಂದೇ ಸಲ. ಅಷ್ಟೇ ಅಲ್ಲ, ಒಂದು ಗುರು, ಎರಡು ಗುರು, ಎರಡು ಗುರು, ಮೂರು ಗುರು ಅಂತ ಭಾರ ಏರುತ್ತಾ ಹೋಗಿದೆ. 'ಮಾಧುರ್ಯಂ' ಹತ್ತಿರ ನಾಲಗೆ ನಿಧಾನವಾದದ್ದಕ್ಕೆ ಕಾರಣ ಇದು.

ಎರಡನೇ ಸಾಲಿನಲ್ಲಿ 'ಬಾಧಿ' ಎರಡು ಗುರು. ಆಮೇಲೆ ಎಣಿಸಿ: ಪ್ಪ, ಕ, ಲಿ, ಗೆ, ಕ, ಲಿ, ಯು, ಗ, ವಿ, ಪ. ಹತ್ತು ಲಘು ಒಂದರ ಹಿಂದೆ ಒಂದು! ಆಮೇಲೆ 'ರೀತನ್' ಬಂದು ಎರಡು ಗುರುಗಳಿಂದ ಓಟವನ್ನು ತಡೆಯುತ್ತದೆ. ಪೀಡಿಸುವ ಕಲಿಯ ಮಾತು ಬಂದ ಕೂಡಲೇ ಲಯ ಧಾವಿಸುತ್ತದೆ, 'ವಿಪರೀತನ್' ಎಂಬ ಹೆಸರಿನ ಕೊನೆಯಲ್ಲಿ ಕಾಲೂರಿ ನಿಲ್ಲುತ್ತದೆ.

ಇನ್ನೊಂದು ಮಾತು. ಪದ ಮುಗಿಯುವ ಜಾಗಕ್ಕೂ ಗಣ ಮುಗಿಯುವ ಜಾಗಕ್ಕೂ ಹೊಂದಾಣಿಕೆ ಇದೆಯಾ ನೋಡಿ. ಮೊದಲ ಸಾಲಿನಲ್ಲಿ 'ಮಾಧುರ್ಯಂಗೆ' ಎಂಬ ಪದವನ್ನು ಗಣ ಮಧ್ಯದಲ್ಲಿ ಕತ್ತರಿಸುತ್ತದೆ: ಮಾ | ಧುರ್ಯಂಗೆ. ಹಾಗಾಗಿ ಆ ಸಾಲು ಎಳೆಎಳೆಯಾಗಿ ಹರಿಯುತ್ತದೆ. ಎರಡನೇ ಸಾಲಿನಲ್ಲಿ ಒಂದೊಂದು ಗಣಕ್ಕೆ ಒಂದೊಂದು ತುಂಡು ಮಾತು. ಬಾಧಿಪ್ಪ, ಕಲಿಗೆ, ಕಲಿಯುಗ, ವಿಪರೀತನ್. ಅದಕ್ಕೇ ಆ ಸಾಲಿಗೆ ಏಟು ಕೊಟ್ಟ ಹಾಗಿನ ಬಿರುಸು.

ಒಟ್ಟು ಲೆಕ್ಕದಲ್ಲಿ, ವಿಷ್ಣುಗಣದ ಎಂಟು ರೂಪಗಳಲ್ಲಿ ಏಳು ಈ ಮೂರೇ ಸಾಲಿನಲ್ಲಿ ಸಿಗುತ್ತವೆ. ಇಲ್ಲದ್ದು 'ಲಲಲಗ' ಒಂದೇ. ಅಂಶಗಣ ಕಲಿಯುವವರಿಗೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ತುಂಬಿದ ಉದಾಹರಣೆ ನನಗೆ ಗೊತ್ತಿಲ್ಲ. ಹಾಗಂತ ಕವಿ ಎಣಿಸಿ ಎಣಿಸಿ ಇಟ್ಟ ಅಂತ ಬರೆಯಬೇಡಿ. ಅವನ ಕಿವಿಗೆ ಸರಿ ಅನಿಸಿತು, ಇಟ್ಟ. ನಾವು ಎಣಿಸುವುದು ಅವನ ಕಿವಿಯನ್ನು ಅರ್ಥ ಮಾಡಿಕೊಳ್ಳಲು.

ಪ್ರಾಸ

ಕನ್ನಡದ ಹಳೆಯ ಪ್ರಾಸ ಇರುವುದು ಸಾಲಿನ ತಲೆಯಲ್ಲಿ, ಎರಡನೇ ಅಕ್ಷರದಲ್ಲಿ. ಸಾಲಿನ ಕೊನೆ ನೋಡಿ 'ಇಲ್ಲಿ ಪ್ರಾಸ ಇಲ್ಲ' ಅನ್ನಬೇಡಿ. ಸಾಧು, ಬಾಧಿ, ಮಾಧವ: ಮೂರೂ ಸಾಲಿನ ಎರಡನೇ ವ್ಯಂಜನ 'ಧ'. ಸ್ವರ ಬೇರೆ ಬೇರೆ ಇರಬಹುದು (ಧು, ಧಿ, ಧ), ವ್ಯಂಜನ ಒಂದೇ ಇರಬೇಕು. ಜೊತೆಗೆ ಅದರ ಹಿಂದಿನ ಅಕ್ಷರ ಎಲ್ಲ ಸಾಲಿನಲ್ಲೂ ಒಂದೇ ತೂಕದ್ದಿರಬೇಕು. ಇಲ್ಲಿ ಸಾ, ಬಾ, ಮಾ ಮೂರೂ ದೀರ್ಘ. ದೀರ್ಘದ ಮುಂದೆ ಬರುವ ಇಂಥ ಪ್ರಾಸಕ್ಕೆ ಗಜಪ್ರಾಸ ಅಂತ ಹೆಸರು. ಹ್ರಸ್ವ ಇದ್ದಿದ್ದರೆ ಸಿಂಹ, ಅನುಸ್ವಾರ ಇದ್ದಿದ್ದರೆ ವೃಷಭ, ವಿಸರ್ಗಕ್ಕೆ ಅಜ, ಬೇರೆ ವ್ಯಂಜನ ಕೂಡಿದ ಒತ್ತಿಗೆ ಶರಭ, ಅದೇ ಅಕ್ಷರದ ಒತ್ತಿಗೆ ಹಯ. ಶಾಸನದ ಸಂಸ್ಕೃತ ಶ್ಲೋಕದಲ್ಲಿ ಈ ಪ್ರಾಸ ಇಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಕನ್ನಡಕ್ಕೆ ಮಾತ್ರ ಅದು ಕಡ್ಡಾಯದ ಹಾಗೆ ಶತಮಾನಗಟ್ಟಲೆ ನಡೆದುಬಂತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಅದನ್ನು ಬಿಟ್ಟು ಬರೆಯಲು ಹೊರಟಾಗ ಅದು ದೊಡ್ಡ ಸುದ್ದಿಯೇ ಆಯಿತು.

ಹೆಸರು ಬರೆದ ಮೇಲೆ ಕೇಳಬೇಕಾದ ಪ್ರಶ್ನೆ: ಪ್ರಾಸ ಯಾವ ಪದಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದೆ? ಸಾಧು, ಬಾಧೆ, ಮಾಧವ. ಒಳ್ಳೆಯವನು, ಪೀಡೆ, ಪೀಡೆ ಕಳೆಯುವವನು. ಪದ್ಯದ ಕಥೆಯೆಲ್ಲ ಈ ಮೂರು ಪದದಲ್ಲೇ ಇದೆ.

ಇನ್ನೂ ಒಂದು ಪ್ರಾಸ ಒಳಗೆ ಅಡಗಿದೆ. 'ವಿಪರೀತನ್', 'ಮಾಧವನೀತನ್'. 'ಈತನ್' ಎಂಬ ದನಿ ಎರಡು ಕಡೆ ಕೇಳಿಸುತ್ತದೆ. ಒಂದು 8ನೇ ಗಣದ ಕೊನೆ, ಇನ್ನೊಂದು 10ನೇ ಗಣ. ಎರಡೂ ಕಡೆ ಎರಡು ಗುರು. ಕಲಿಯುಗಕ್ಕೆ ವಿಪರೀತನಾದವನು ಯಾರು ಅಂದರೆ ಈತನೇ, ಅಂತ ದನಿಯೇ ಉತ್ತರ ಕೊಡುತ್ತಿದೆ.

ಮರಳಿ ಬರುವ ಮಾತು

ಮರಳಿ ಬಂದ ಪದಗಳಿಗೆ ಅಡಿಗೆರೆ ಹಾಕಿ. ಸಾಧುಗೆ ಸಾಧು. ಮಾಧುರ್ಯಂಗೆ ಮಾಧುರ್ಯಂ. ಕಲಿಗೆ ಕಲಿಯುಗ... ಕಟ್ಟಡ ಒಂದೇ: 'ಇಂಥವನಿಗೆ ಇಂಥವನು'. ಎರಡು ಸಲ ಕೇಳಿದ ಮೇಲೆ ಕಿವಿಗೆ ಅಭ್ಯಾಸ ಆಗುತ್ತದೆ. ಮೂರನೇ ಸಲ 'ಕಲಿಗೆ' ಅಂದ ಕೂಡಲೇ 'ಕಲಿ' ಅಂತ ಬರುತ್ತದೆ ಎಂದು ಕಾಯುತ್ತೇವೆ. ಬರುತ್ತದೆ ಕೂಡ. ಆದರೆ 'ಕಲಿ' ಅನ್ನುವುದು 'ಕಲಿಯುಗ' ಆಗಿ, 'ವಿಪರೀತನ್' ಅಂತ ತಿರುಗಿಬಿಡುತ್ತದೆ. ಒಳ್ಳೆಯದಕ್ಕೆ ಒಳ್ಳೆಯದು, ಆದರೆ ಕೆಟ್ಟದ್ದಕ್ಕೆ ಕೆಟ್ಟದ್ದಲ್ಲ, ಅದಕ್ಕೆ ಎದುರು ನಿಲ್ಲುವವನು. ಕಟ್ಟಿದ ಮಾದರಿಯನ್ನು ಕವಿ ಮುರಿದದ್ದು ಸರಿಯಾಗಿ 'ವಿಪರೀತ' ಎಂಬ ಪದದ ಮೇಲೆ. ಮೂರನೇ ಸಾಲಿನಲ್ಲಿ ಮರಳಿ ಬರುವ ಪದವೇ ಇಲ್ಲ. ತೀರ್ಪು ಒಂದೇ ಸಲ ಹೇಳುವುದು.

ಮೂರನ್ನೂ ಒಂದೇ ಹಾಳೆಯಲ್ಲಿ ಇಡಿ

ಈಗ ಪ್ರಸ್ತಾರ, ಪ್ರಾಸ, ಅಡಿಗೆರೆ ಎಲ್ಲ ಒಂದೇ ಹಾಳೆಯ ಮೇಲೆ ಇರಲಿ. ಕಣ್ಣು ಎಲ್ಲಿ ಹೋಗುತ್ತದೆ? ಲಘುಗಳ ಓಟ ಇರುವುದು 'ಕಲಿಗೆ ಕಲಿಯುಗ'ದಲ್ಲಿ. ಪುನರುಕ್ತಿಯ ಮಾದರಿ ತಿರುಗುವುದು ಅಲ್ಲೇ. ಒಳಪ್ರಾಸ ಶುರುವಾಗುವುದೂ ಅದರ ತುದಿಯಲ್ಲೇ. ಇನ್ನು ಎರಡು ಗಿಡ್ಡ ಗಣಗಳನ್ನು ನೋಡಿ. ತ್ರಿಪದಿಯಲ್ಲಿ ಬ್ರಹ್ಮಗಣ ಬರುವ ಕಡೆ ನಡೆ ಗಕ್ಕನೆ ಬದಲಾಗುತ್ತದೆ, ಕಿವಿ ಎಚ್ಚರವಾಗುತ್ತದೆ. ಆ ಎರಡು ಜಾಗದಲ್ಲಿ ಇರುವವರು ಯಾರು? 6ರಲ್ಲಿ ಕಲಿ, 10ರಲ್ಲಿ ಈತ. ಎದುರಾಳಿ, ನಾಯಕ. ಕಲಿಗೆ ಮೂರೂ ಲಘು, ಈತನಿಗೆ ಎರಡೂ ಗುರು. ಅವನು ಹಗುರ, ಇವನು ಭಾರ.

ಇದು ಆಕಸ್ಮಿಕ ಇರಬಹುದಲ್ಲ ಅಂತ ಸಂಶಯ ಬರಬೇಕು, ಬರಲೇಬೇಕು. ಪರೀಕ್ಷೆ ಮಾಡಲು ಅದೇ ಶಾಸನದ ಮೂರನೇ ತ್ರಿಪದಿ ಇದೆ. ಕಟ್ಟಿಹಾಕಿದ ಸಿಂಹವನ್ನು 'ನಮಗೇನು ಕೆಡುಕು' ಅಂತ ಬಿಟ್ಟ ಹಾಗೆ, ಇವನ ಶತ್ರುಗಳು ವಿಚಾರ ಇಲ್ಲದೆ ಕೆಟ್ಟರು, ಸತ್ತರು ಅಂತ ಅದರ ಅರ್ಥ:

ಕಟ್ಟಿದ ಸಿಂಘಮನ್ ಕೆಟ್ಟೊದೇನೆಮಗೆಂದು
ಬಿಟ್ಟವೋಲ್ ಕಲಿಗೆ ವಿಪರೀತಂಗಹಿತರ್ಕಳ್
ಕೆಟ್ಟರ್ ಮೇಣ್ ಸತ್ತರವಿಚಾರಂ

ಪ್ರಾಸ 'ಟ್ಟ', ಹಯಪ್ರಾಸ. ಗಣ ಹಾಕಿ ನೋಡಿದರೆ 6ನೇ ಗಣ ಮತ್ತೆ 'ಕಲಿಗೆ'! 10ನೆಯದು 'ಸತ್ತ'. ಎರಡನೇ ತ್ರಿಪದಿ, ಹಿಂದೆ ಮಾಡಿದ್ದು ಬಂದು ಎದುರಾಗುತ್ತದೆ ಎನ್ನುವುದು:

ಒಳ್ಳಿತ್ತ ಕೆಯ್ವೋರಾರ್ ಪೊಲ್ಲದುಮದರಂತೆ
ಬಲ್ಲಿತ್ತು ಕಲಿಗೆ ವಿಪರೀತಾ ಪುರಾಕೃತಂ
ಇಲ್ಲಿ ಸಂಧಿಕ್ಕುಮದು ಬಂದು

ಇಲ್ಲೂ 6ನೇ ಗಣ 'ಕಲಿಗೆ'ಯೇ. ಮೂರು ಪದ್ಯ, ಮೂರರಲ್ಲೂ ಅದೇ ಪದ ಅದೇ ಗಿಡ್ಡ ಗಣದಲ್ಲಿ. ಆಕಸ್ಮಿಕ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. 'ಕಲಿಗೆ ವಿಪರೀತ', 'ಕಲಿಯುಗ ವಿಪರೀತ' ಎಂಬ ಕಪ್ಪೆ ಅರಭಟ್ಟನ ಬಿರುದು ಈ ಮಟ್ಟಿನಲ್ಲಿ ಕೂರಲು ಆ ಜಾಗವನ್ನೇ ಆರಿಸಿಕೊಂಡಿದೆ. ಆದರೆ ಎರಡನೇ ತ್ರಿಪದಿಯ 10ನೇ ಗಣ 'ಧಿಕ್ಕು'. 'ಸಂಧಿಕ್ಕುಂ' ಎಂಬ ಪದದ ಒಂದು ತುಂಡು ಅಷ್ಟೇ. ಅದಕ್ಕೆ ವಿಶೇಷ ಅರ್ಥ ಕಟ್ಟಲು ಹೋಗಬೇಡಿ. ಅಂದರೆ 6ನೇ ಗಣದ ಮಾತು ಮೂರೂ ಪದ್ಯಕ್ಕೆ ನಿಲ್ಲುತ್ತದೆ, 10ನೆಯದರ ಮಾತು ಮೊದಲ ಪದ್ಯಕ್ಕೆ ಮತ್ತು ಸ್ವಲ್ಪ ಮಟ್ಟಿಗೆ ಮೂರನೆಯದಕ್ಕೆ. ಎಷ್ಟು ದಕ್ಕುತ್ತದೋ ಅಷ್ಟೇ ಬರೆಯಿರಿ.

ನೀವೇ ಮಾಡಿ ನೋಡಲು ಈ ಎರಡನೇ ತ್ರಿಪದಿಯನ್ನೇ ಬಿಡುತ್ತೇನೆ. ಎರಡು ಸುಳಿವು ಸಾಕು. ಪ್ರಾಸದಲ್ಲಿ ಮೊದಲ ಸಾಲು 'ಳ್ಳ', ಉಳಿದೆರಡು 'ಲ್ಲ'. ಲ-ಳ ಬೆರೆಸುವುದನ್ನು ಕನ್ನಡ ಕಿವಿ ಒಪ್ಪುತ್ತದೆ, ಅದನ್ನು ತಪ್ಪು ಅಂತ ಗುರುತಿಸಬೇಡಿ. ಇನ್ನು ಎರಡನೇ ಸಾಲಿನ ಕೊನೆಯ 'ಪುರಾಕೃತಂ' ಹತ್ತಿರ ನಿಮಗೆ ತೊಡಕಾಗುತ್ತದೆ. ಅದು ಲಗಲಗ. 'ಲಗ' ಅಂತ ಗಣ ಶುರುವಾಗಬಾರದು ಅಂದೆನಲ್ಲ. ಅಲ್ಲಿ ಅಕ್ಷರ ಎಳೆದು ಬಗ್ಗಿಸಿ ಲೆಕ್ಕ ಸರಿಮಾಡಬೇಡಿ. ಉಳಿದ ಹತ್ತೂ ಗಣ ಸರಿಯಾಗಿ ಕೂತಿವೆ, ಇದೊಂದು ಕೂರುವುದಿಲ್ಲ ಅಂತ ಹಾಳೆಯ ಅಂಚಿನಲ್ಲಿ ಬರೆದಿಡಿ. ಜೊತೆಗೆ, ಮಟ್ಟು ಮುರಿದ ಆ ಜಾಗದಲ್ಲಿ ಇರುವುದು ಸಂಸ್ಕೃತದಿಂದ ಇಡಿಯಾಗಿ ಬಂದ ಸಮಾಸ ಎಂಬುದನ್ನೂ ಬರೆಯಿರಿ.